ಮತ್ತು ಇತರರು

ಫ್ಯಾನು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ರೆಕ್ಕೆ ಎಲ್ಲೋ ತಗುಲುತ್ತಿರಬೇಕು, ತಾಲ್ಲೂಕು ಕಚೇರಿಯ ಈ ಸಭಾಂಗಣದಲ್ಲಿ ಕೂತ ಇಷ್ಟು ಜನರಲ್ಲಿ ಒಬ್ಬರೂ ತಲೆಯೆತ್ತಿ ನೋಡುತ್ತಿಲ್ಲ, ದೊಡ್ಡಬಳ್ಳಾಪುರದವರಿಗೆ ಮಗ್ಗದ ಸದ್ದು ಹುಟ್ಟಿದಾಗಿನಿಂದ ಕಿವಿಗೆ ಬಿದ್ದು ಬಿದ್ದು ಟಕ್ ಅನ್ನುವುದೂ ಒಂದು ಸದ್ದು ಎನ್ನುವುದೇ ಮರೆತುಹೋಗಿದೆ, ನನಗೆ ಮಾತ್ರ ಪ್ರತಿ ಟಕ್ಕಿಗೂ ನೆತ್ತಿಯ ಹಿಂದೆ ಚುಳ್ಳೆನ್ನುತ್ತದೆ — ಹದಿನೇಳು, ಹದಿನೇಳನೇ ಟೋಕನ್ ಯಾರ್ರೀ, ಅಟೆಂಡರ್ ಬೈರೇಶ್ ಬಾಗಿಲಲ್ಲಿ ನಿಂತು ಕೂಗುತ್ತಾನೆ, ನನ್ನದು ಇಪ್ಪತ್ತಮೂರು, ಇನ್ನು ಆರು ಜನ, ಎದೆ ಹೊಡೆದುಕೊಳ್ಳುವುದು ಪಕ್ಕದವರಿಗೆ ಕೇಳಿಸುತ್ತಿದೆಯೇನೋ, ಹೆದರಿಕೆಯಲ್ಲ ಇದು, ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದಾಗ ಆಗುತ್ತದಲ್ಲ, ಪೆನ್ನಿನ ಮುಚ್ಚಳ ತೆಗೆಯುವಷ್ಟೂ ತಾಳ್ಮೆಯಿಲ್ಲದ ಸಡಗರ, ಅದು. ಬೆಳಿಗ್ಗೆ ಟೋಕನ್ ಕೊಡುವಾಗ ಬೈರೇಶ್ ನಕ್ಕುಬಿಟ್ಟ, ಏನ್ ಪ್ರಮೋದಾ ಮೇಡಂ, ಊರೋರ ಅರ್ಜಿ ಎಲ್ಲಾ ಬರ್ಕೊಡೋರು ಇವತ್ತು ಸ್ವಂತಕ್ಕೆ ಬಂದ್ಬಿಟ್ರಾ, ಹೌದಪ್ಪಾ ಬಂದ್ಬಿಟ್ಟೆ, ಹನ್ನೆರಡು ವರ್ಷದಿಂದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಪೋಡಿ, ಖಾತೆ, ವಿಧವಾ ವೇತನ, ಬೇಲಿ ಒತ್ತುವರಿ, ಗಂಡನ ಕುಡಿತ, ಎಲ್ಲರ ಗೋಳನ್ನೂ ಟೈಪ್ ಮಾಡಿದ್ದೇನೆ, ಜನ ಅಳುತ್ತಾ ಶುರುಮಾಡಿದರೆ ನಾನು ಕೇಳುವುದು ಒಂದೇ, ಅಳು ಆಮೇಲೆ, ಮೊದ್ಲು ವಿಷಯ ಹೇಳಿ, ವಿಷಯ ಅಂತ ಬರೆದ ಕಡೆ ಒಂದೇ ಸಾಲು ಹಿಡಿಸೋದು. ನನ್ನ ವಿಷಯಕ್ಕೆ ಆ ಒಂದು ಸಾಲು ಸಿಗಲು ಇಪ್ಪತ್ತಾರು ವರ್ಷ ಬೇಕಾಯಿತು. ವಿಷಯ: ದೆವ್ವ ಬಿಡಿಸುವ ಹೆಸರಿನಲ್ಲಿ ಮಕ್ಕಳಿಗೆ ನೀಡುವ ಹಿಂಸೆಯನ್ನು ನಂಬಿಕೆಯೆಂದು ಬಿಡದೆ ಮಾನವ ಹಕ್ಕಿನ ಉಲ್ಲಂಘನೆಯೆಂದು ದಾಖಲಿಸುವ ಬಗ್ಗೆ. ಟೈಪ್ ಮಾಡಿ ಮುಗಿಸಿದ ದಿನ ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ, ಚಪ್ಪಾಳೆ ತಟ್ಟಬೇಕೆನ್ನಿಸಿತು, ತಟ್ಟಿದೆ ಕೂಡ. ಜಿಲ್ಲೆಗೆಲ್ಲ ಸೇರಿ ಇಲ್ಲೇ ಅಹವಾಲು ಕೇಳುತ್ತಾರೆ ಎಂದು ಮಾನವ ಹಕ್ಕುಗಳ ಆಯೋಗದಿಂದ ಪತ್ರ ಬಂದಾಗ ಅದನ್ನು ಮೂರು ಪ್ರತಿ ಜೆರಾಕ್ಸ್ ಮಾಡಿಸಿಕೊಂಡೆ, ಅಂಗಡಿಯವಳ ಬುದ್ಧಿ, ಒರಿಜಿನಲ್ ಯಾರ ಕೈಗೂ ಕೊಡಬಾರದು.

ಟಕ್ — ಹದಿನೆಂಟು. ಯಾರೋ ಮುದುಕಪ್ಪ ಎದ್ದು ಹೋಗುತ್ತಾನೆ, ಪಂಚೆಯ ಚುಂಗು ಕುರ್ಚಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಂಡು ಹೋಗುತ್ತಾನೆ, ನನ್ನ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಗಿ ಕ್ಲಿಪ್ಪಿನ ಕೆಳಗಿನ ಆ ಜಾಗವನ್ನು ಮುಟ್ಟುತ್ತದೆ, ಎಂಟಾಣೆ ಅಗಲ, ನುಣ್ಣಗೆ, ಅಲ್ಲಿ ಒಂದು ಕೂದಲೂ ಮತ್ತೆ ಹುಟ್ಟಲಿಲ್ಲ. ಐದನೇ ಕ್ಲಾಸು ನಾನು, ಸೂಲಿಬೆಲೆ ಆಚೆಯ ನಮ್ಮೂರ ಶಾಲೆ, ಪ್ರಾರ್ಥನೆಗೆ ನಿಂತಿದ್ದೆ, ನಾಲಗೆಯ ಮೇಲೆ ಕಬ್ಬಿಣದ ರುಚಿ ಬಂತು, ಬಾವಿಯ ಗಡಗಡೆ ನೆಕ್ಕಿದ ಹಾಗೆ, ಅಷ್ಟೇ ನೆನಪು, ಎದ್ದಾಗ ಕೈಯಲ್ಲಿ ಹೆಡ್‌ಮಾಸ್ತರರ ಬೀಗದ ಕೈ ಗೊಂಚಲು, ಸುತ್ತ ಮಕ್ಕಳ ಕಾಲುಗಳು. ಮೂರು ಸಲ ಹಾಗಾಯಿತು, ಮೂರನೆಯದಕ್ಕೆ ಅಮ್ಮ ದೆವ್ವ ಬಿಡಿಸುವ ಪಿಳ್ಳಣ್ಣನ ಹತ್ತಿರ ಹೋದಳು, ಕೆರೆ ಹಿಂದಿನ ಹುಣಸೆಮರ, ಅಮಾವಾಸ್ಯೆಯ ಮಟಮಟ ಮಧ್ಯಾಹ್ನ, ಹಿಂದಿನ ದಿನದಿಂದ ನನಗೆ ನೀರೂ ಇಲ್ಲ. ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿ ಮೇಲೆ ಕಂಬಳಿ ಮುಚ್ಚಿ, ಯಾರು ನೀನು, ಬೊಗಳು ಯಾರು ನೀನು, ನಾನು ಪ್ರಮೋದಾ ಅಂದೆ, ಬೆನ್ನಿಗೆ ಹುಣಸೆ ಬರಲಿನ ಏಟು, ಪ್ರಮೋದಾ ಐದನೇ ಕ್ಲಾಸ್ ಬಿ ಸೆಕ್ಷನ್ ಅಂದೆ, ಮತ್ತೆ ಬರಲು, ಹತ್ತು ವರ್ಷದ ಹುಡುಗಿ ತನ್ನ ಹೆಸರು ತಾನು ಹೇಳಿದ್ದಕ್ಕೆ ಒದೆ ತಿನ್ನುವುದು, ಇದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ, ಕೊನೆಗೆ ಅವರಿಗೆ ಬೇಕಾದದ್ದು ಬೇರೆ ಹೆಸರು ಎಂದು ಹೊಳೆದು, ಹಿಂದಿನ ವರ್ಷ ಬಾವಿಗೆ ಬಿದ್ದು ಸತ್ತ ಪಾಪಕ್ಕನ ಹೆಸರು ಹೇಳಿದೆ, ಪಾಪಕ್ಕ ಪಾಪಕ್ಕ ಎಂದು ಕಿರುಚಿದೆ, ಎಲ್ಲರೂ ಉಸಿರುಬಿಟ್ಟರು, ಹೊಡೆತ ನಿಂತಿತು. ಪಾಪಕ್ಕನ ಮಗಳು ಆಮೇಲೆ ನನ್ನ ಜೊತೆ ಮಾತೇ ಆಡಲಿಲ್ಲ. ಆಮೇಲೆ ಮೊಳೆ. ನಾಲ್ಕು ಬೆರಳುದ್ದ, ಚೌಕ ತಲೆ, ಕುಲುಮೆಯಲ್ಲಿ ಬಡಿಸಿದ್ದು, ಅಂಗಡಿಯ ಮೊಳೆ ಆಗುವುದಿಲ್ಲವಂತೆ, ನನ್ನ ಜಡೆಯಿಂದ ಒಂದು ಹಿಡಿ ಕೂದಲು ಎಳೆದು ಅದರ ಕೊರಳಿಗೆ ಸುತ್ತಿ, ಮೇಲೆ ನನ್ನದೇ ಕೆಂಪು ರಿಬ್ಬನ್ನು ಬಿಗಿದು ಮರಕ್ಕೆ — ಟಕ್, ಟಕ್, ಟಕ್ — ಆಮೇಲೆ ಕುಡುಗೋಲಿನಲ್ಲಿ ಕೂದಲನ್ನು ಬುಡದ ಚರ್ಮ ಸಮೇತ ಕೊಯ್ದು ನನ್ನನ್ನು ಬಿಡಿಸಿದರು, ದೆವ್ವ ಮರದಲ್ಲೇ ಉಳಿಯಿತು, ತಿರುಗಿ ನೋಡಬೇಡ ಅಂದರು. ನೋಡಿದೆ. ಮರದ ಮೈಯಲ್ಲಿ ಮೊಳೆ, ಮೊಳೆಯ ಕೊರಳಲ್ಲಿ ನನ್ನ ಕೂದಲು, ರಿಬ್ಬನ್ನಿನ ತುದಿ ಗಾಳಿಗೆ ಅಲ್ಲಾಡುತ್ತಿತ್ತು.

ಒಬ್ಬ ವಕೀಲರಿಗೆ ಟೈಪ್ ಮಾಡಿಕೊಡುವಾಗ ಒಂದು ಸಾಲು ಸಿಕ್ಕಿತು, ಮಾನವ ಹಕ್ಕುಗಳ ಘೋಷಣೆಯ ಐದನೇ ವಿಧಿ, ಯಾರನ್ನೂ ಚಿತ್ರಹಿಂಸೆಗಾಗಲಿ ಕ್ರೂರ ನಡವಳಿಕೆಗಾಗಲಿ ಗುರಿಪಡಿಸತಕ್ಕದ್ದಲ್ಲ, ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು, ಯಾರನ್ನೂ, ಅಂದರೆ ಐದನೇ ಕ್ಲಾಸಿನವರನ್ನೂ, ಬಿ ಸೆಕ್ಷನ್ನಿನವರನ್ನೂ! ಲಾಠಿ ಹಿಡಿದವನು ಹೊಡೆದು ಬಾಯಿಬಿಡಿಸಿದರೆ ಉಲ್ಲಂಘನೆ, ಹುಣಸೆ ಬರಲು ಹಿಡಿದವನು ಹೊಡೆದು ಬಾಯಿಬಿಡಿಸಿದರೆ ಭಕ್ತಿಯೇ, ಇದನ್ನೇ ಎರಡನೇ ಪುಟದಲ್ಲಿ ಹಾಕಿದ್ದೇನೆ, ಕಾನೂನು ಇದೆ, ಗೊತ್ತು, ಆದರೆ ಊರಲ್ಲಿ ಯಾರು ದೂರು ಕೊಡುತ್ತಾರೆ, ಹೊಡೆಸಿದವರು ಮನೆಯವರು, ಹೊಡೆಸಿಕೊಂಡದ್ದು ಮಗು, ಎಲ್ಲರೂ ಪ್ರೀತಿಯಿಂದ ಮಾಡಿದ್ದು, ಪ್ರೀತಿಯ ಮೇಲೆ ಎಫ್‌ಐಆರ್ ಹಾಕುವುದು ಹೇಗೆ. ಏಳು ಪುಟ. ಏಳು ಪುಟದಲ್ಲಿ ಎಲ್ಲ ಇದೆ, ಎರಡು ಮಾತು ಮಾತ್ರ ಇಲ್ಲ. ಆ ಎರಡು ಮಾತಿಗಾಗಿಯೇ ಈ ಎದೆ ಇಷ್ಟು ಕುಣಿಯುತ್ತಿದೆ.

ಹತ್ತೊಂಬತ್ತು, ಇಪ್ಪತ್ತು, ಇಬ್ಬರೂ ಒಟ್ಟಿಗೆ ಬನ್ರೀ, ಒಂದೇ ಕೇಸು — ಒಂದನೇ ಮಾತು ನನ್ನ ಬ್ಯಾಗಿನಲ್ಲಿದೆ, ಸ್ಟೇಪ್ಲರ್ ಪಿನ್ನಿನ ಡಬ್ಬಿಯೊಳಗೆ, ಬೆಳಿಗ್ಗೆ ಒಂದು ರಾತ್ರಿ ಒಂದು, ಹದಿನಾಲ್ಕು ವರ್ಷದಿಂದ. ಮೊಳೆ ಹೊಡೆದ ಮೇಲೂ ಅದು ಬರುತ್ತಲೇ ಇತ್ತು, ನಾಲಗೆಗೆ ಕಬ್ಬಿಣ ತಗುಲಿದ ಕೂಡಲೇ ಓಡುತ್ತಿದ್ದೆ, ಬಚ್ಚಲಿಗೆ, ಹುಲ್ಲಿನ ಬಣವೆಯ ಹಿಂದಕ್ಕೆ, ಶಾಲೆಯ ಕಕ್ಕಸಿಗೆ, ಒಬ್ಬಳೇ ಬಿದ್ದು ಒಬ್ಬಳೇ ಎದ್ದು ಬಾಯಿ ಒರೆಸಿಕೊಂಡು ಬರುತ್ತಿದ್ದೆ, ಪಿಳ್ಳಣ್ಣ ಹೇಳಿದ್ದ, ತಿರ್ಗಾ ಬಂದ್ರೆ ಎರಡನೇ ಮೊಳೆ ಕಣಮ್ಮಾ, ಅದು ಮುಂದಲೆಗೆ. ಮುಂದಲೆಯ ಭಯಕ್ಕೆ ನಾನು ವಾಸಿಯಾದೆ. ಇಪ್ಪತ್ತೆರಡಕ್ಕೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು, ಇದು ಮೆದುಳಿನ ಕಾಯಿಲೆ ಕಣಮ್ಮ, ಮಾತ್ರೆ ತಪ್ಪಿಸ್ಬೇಡ, ಆರಾಮಾಗಿರ್ತೀಯ ಅಂದರು, ಅಷ್ಟು ಸಲೀಸಾಗಿ ಅಂದರು, ನನಗೆ ಅವರ ಮೇಜಿನ ಮೇಲೇ ತಲೆಯಿಟ್ಟು ಅಳಬೇಕೆನ್ನಿಸಿತ್ತು. ಮಾತ್ರೆಯನ್ನು ಮನೆಯವರಿಂದ ಬಚ್ಚಿಟ್ಟೆ. ಅಲ್ಲೇ ತಪ್ಪಾದದ್ದು, ನನ್ನದೇ ತಪ್ಪು, ಯಾಕೆಂದರೆ ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು, ನೋಡ್ರವ್ವಾ ನಮ್ ಪ್ರಮೋದಾನ, ಮೊಳೆ ಹೊಡೆಸಿದ್ಮೇಲೆ ಒಂದಿನಾ ಬಿದ್ದಿಲ್ಲ, ಕಂಪ್ಯೂಟರ್ ಕೆಲಸ ಮಾಡ್ತಾಳೆ, ಅದನ್ನು ಕೇಳಿ ಒಬ್ಬೊಬ್ಬರಾಗಿ ಮರಕ್ಕೆ ಹೋದರು, ಹೋದ ವರ್ಷ ಊರಿಗೆ ಹೋದಾಗ ಎಣಿಸಿದೆ, ಹುಣಸೆಮರದಲ್ಲಿ ಹನ್ನೊಂದು ಮೊಳೆ, ಹನ್ನೊಂದು ಮಕ್ಕಳು, ಎಲ್ಲಕ್ಕೂ ಸಾಕ್ಷಿ ನಾನೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ನನ್ನನ್ನು ಪ್ರತ್ಯಕ್ಷ ಕಂಡವರು ಒಬ್ಬರೂ ನನ್ನ ಪಿನ್ನಿನ ಡಬ್ಬಿ ತೆರೆದು ನೋಡಲಿಲ್ಲ.

ಮಾನ್ವಿತಾ, ತಂಗಿಯ ಮಗಳು, ಒಂಬತ್ತು ವರ್ಷ, ಹೋದ ತಿಂಗಳು ಡೇರಿಯ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತವಳು ಬಿದ್ದುಬಿಟ್ಟಳು, ಹಾಲೆಲ್ಲ ಬೀದಿಗೆ, ಆಸ್ಪತ್ರೆಗೆ ಕರ್ಕೊಂಡ್ ಬಾರೇ ಎಂದು ತಂಗಿಗೆ ಫೋನಿನಲ್ಲಿ ಬೇಡಿಕೊಂಡೆ, ಅವಳು ಅಂದದ್ದು, ಯಾಕಕ್ಕಾ, ನಿಂಗ್ ವಾಸಿಯಾಗ್ಲಿಲ್ವಾ. ಆಗಲಾದರೂ ಹೇಳಬಹುದಿತ್ತು. ಬಾಯಿ ಬರಲಿಲ್ಲ, ಮುಂದಲೆ ಜುಮ್ಮೆಂದಿತು, ಮೂವತ್ತಾರು ವರ್ಷದ ಹೆಂಗಸಿಗೆ. ನಾಡಿದ್ದು ಗುರುವಾರ ಅಮಾವಾಸ್ಯೆ. ಪದ್ಧತಿ ಏನೆಂದರೆ ಮೊಳೆ ಹೊಡೆಯಬೇಕಾದವನು ಮಗುವಿನ ಸೋದರಮಾವ, ಅಂದರೆ ನನ್ನ ತಮ್ಮ ಭೀಮರಾಜ್, ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು, ಜೇಬಿನಲ್ಲಿ ಎರಡು ಫೋನು, ಅವನೇ. ಆದರೆ ಮೊಳೆಯನ್ನು ಅವನು ತಾನಾಗಿ ತರುವ ಹಾಗಿಲ್ಲ, ಹಿಂದಿನ ತಲೆಮಾರಿನ ಸೋದರಮಾವ, ಅಂದರೆ ಅಮ್ಮನ ಅಣ್ಣ, ನಮ್ಮ ಮಾವ, ಕುಲುಮೆಯಲ್ಲಿ ಮಾಡಿಸಿ ಕೈಯಾರೆ ಕೊಡಬೇಕು, ತವರಿನ ಮೊಳೆ ಅನ್ನುತ್ತಾರೆ ಅದಕ್ಕೆ, ಅದಿಲ್ಲದೆ ಪಿಳ್ಳಣ್ಣ ಕೂದಲು ಮುಟ್ಟುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ದೇವನಹಳ್ಳಿ ಪಕ್ಕದ ವಿಜಯಪುರದಿಂದ ಭೀಮರಾಜ್ ಫೋನು, ಅಕ್ಕಾ, ಮೊಳೆ ಇಸ್ಕೊಳ್ಳಾಣ ಅಂತ ಬಂದಿದೀನಿ, ಮಾವ ಮನೇಲಿಲ್ಲ, ಬೀಗ ಹಾಕದೆ, ನಿಂಗೇನಾದ್ರೂ ಹೇಳಿದ್ನಾ, ನನಗ್ಯಾಕೋ ಹೇಳ್ತಾನೆ, ಹೊಡೀಬೇಡ ಕಣೋ ಭೀಮಾ, ಅಯ್ಯೋ ಅಮ್ಮ ಸುಮ್ನಿರ್ತಾಳಾ ಅಕ್ಕಾ, ನಾನೇನ್ ಮಾಡ್ಲಿ, ಟ್ರಿಪ್ ಬಂತು ಇಡ್ತೀನಿ. ಎಲ್ಲರಿಗೂ ಟ್ರಿಪ್ ಬರುತ್ತದೆ, ಆ ಮಗುವಿನ ನೆತ್ತಿಗೆ ಯಾರೂ ಬರುವುದಿಲ್ಲ.

ಇಪ್ಪತ್ತೊಂದು. ಎರಡನೇ ಮಾತು — ನಾಲ್ಕನೇ ಕಾಲಂ. ಹಕ್ಕು ಉಲ್ಲಂಘಿಸಿದವರ ಹೆಸರು ಮತ್ತು ವಿಳಾಸ. ಪಿಳ್ಳಣ್ಣ, ಎಂದು ಟೈಪ್ ಮಾಡಿ, ಬೆರಳು ತನ್ನಷ್ಟಕ್ಕೆ ಓಡಿ ಮತ್ತು ಇತರರು ಎಂದು ಹಾಕಿಬಿಟ್ಟಿತು, ಹನ್ನೆರಡು ವರ್ಷದ ಅಭ್ಯಾಸ, ಹೆಸರು ಹೇಳಲು ಹಿಂಜರಿಯುವ ಎಲ್ಲರಿಗೂ ನಾನೇ ಹೇಳಿಕೊಟ್ಟ ಉಪಾಯ, ಅತ್ತೆ ಹೆಸರು ಹಾಕ್ಬೇಕಾ ಮೇಡಂ, ಬೇಡ ಬಿಡಿ, ಮತ್ತು ಇತರರು ಅಂತ ಹಾಕಣ, ಆ ಎರಡು ಪದದ ನೆರಳಿನಲ್ಲಿ ಈ ತಾಲ್ಲೂಕಿನ ಎಷ್ಟು ಅತ್ತೆಯರು, ಅಣ್ಣಂದಿರು, ಗೌಡರು ತಣ್ಣಗೆ ಕೂತಿದ್ದಾರೋ. ನನ್ನ ಇತರರಲ್ಲಿ ಕೂತಿರುವುದು — ಅಯ್ಯೋ, ಬಾಗಿಲ ಹತ್ತಿರ ಅದು ಯಾರು. ಬಿಳಿ ಅಂಗಿ, ಹೆಗಲಿಗೆ ಟವೆಲ್ಲು, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ, ಕಚೇರಿಯೊಳಕ್ಕೂ ಗುಡಿಯೊಳಕ್ಕೂ ಒಂದೇ ರೀತಿ ಬರುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ, ಮಾವ, ಚಿಕ್ಕವೆಂಕಟಪ್ಪ ಮಾವ! ಯಾರು ಹೇಳಿದರು ಇವನಿಗೆ, ಅಮ್ಮನೇ ಕಳಿಸಿರಬೇಕು, ಹೋಗಿ ಹೇಳಣ್ಣಾ ಅವಳಿಗೆ ವಾಸಿಯಾಗದೆ ಅಂತ, ಮರ್ಯಾದೆ ತೆಗೀತಾವ್ಳೆ ಅಂತ. ಹಿಂದಿನ ಸಾಲಿನಲ್ಲಿ ಕೂತ, ನನ್ನನ್ನು ನೋಡಿದ, ನಗಲಿಲ್ಲ, ಅಂಗಿಯ ಜೇಬು ಉದ್ದಕ್ಕೆ ಜೋಲುತ್ತಿದೆ, ಭಾರವಾದದ್ದು ಏನೋ ಇದೆ ಅದರಲ್ಲಿ, ಬೀಡಿ ಕಟ್ಟಲ್ಲ, ಕನ್ನಡಕದ ಡಬ್ಬಿಯಲ್ಲ, ನನಗೆ ಗೊತ್ತು ಅದು ಏನು ಎಂದು, ನಾಲ್ಕು ಬೆರಳುದ್ದ, ಕುಲುಮೆಗೆ ಹೋಗಿದ್ದಾನೆ ಇವನು.

ಈ ಮಾವನನ್ನು ದ್ವೇಷಿಸಲು ಆಗಿದ್ದರೆ ಎಷ್ಟು ಸುಲಭವಿತ್ತು. ನಲವತ್ತು ವರ್ಷ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆದ ಕೈ, ಕುದಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಲಿದು ಮೆತ್ತಗಾದವು, ಅವತ್ತು ನನ್ನ ಹಣೆ ಹಿಡಿದಿದ್ದ ಎಡಗೈ ಅದು, ಹುಳು ಬೆಂದ ವಾಸನೆ, ಹೆದರ್ಬೇಡ ಮಗಾ, ಒಂದ್ ಗಳಿಗೆ ಕಣವ್ವಾ, ಮುಗಿದೋಗ್ತದೆ, ಎನ್ನುತ್ತಾ ಬಲಗೈಯಲ್ಲಿ ಸುತ್ತಿಗೆ ಎತ್ತಿದ, ಅವನ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು, ನನಗಿಂತ ಜಾಸ್ತಿ ಅತ್ತವನು ಅವನು. ಎಸ್ಸೆಸ್ಸೆಲ್ಸಿ ಮುಗಿದಾಗ ನನ್ನ ಕೈ ಹಿಡಿದು ವಿಜಯಪುರದ ಟೈಪಿಂಗ್ ಕ್ಲಾಸಿಗೆ ಕರೆದುಕೊಂಡು ಹೋದವನೂ ಅವನೇ, ನನ್ ಕೈ ಹಿಂಗಾಯ್ತು, ನಿನ್ ಕೈ ಒಣಗಿದ್ ಜಾಗದಲ್ಲಿರ್ಲಿ ಮಗಾ. ಈ ಏಳು ಪುಟ ಟೈಪ್ ಮಾಡಿದ ಬೆರಳು ಅವನು ಕೊಟ್ಟದ್ದು, ಅವನ ಹೆಸರನ್ನೇ ಬಿಟ್ಟು ಟೈಪ್ ಮಾಡಿತು. ಹೇಗೆ ಹೇಳಲಿ ಅವನೆದುರಿಗೇ, ಹೇಗೆ ಹೇಳದೆ ಇರಲಿ, ನಾಲಗೆಯ ತುದಿಯಲ್ಲಿ ಏನೋ — ಕಬ್ಬಿಣವೇ, ಬಂತೇ, ಇಲ್ಲ, ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ, ಇದು ಬರೀ ಉದ್ವೇಗ, ಬಂದರೂ ಬರಲಿ, ಇಲ್ಲೇ ಬರಲಿ, ಎಲ್ಲರೂ ನೋಡಲಿ, ಬಣವೆಯ ಹಿಂದೆ ಬಿದ್ದದ್ದು ಸಾಕು. ಇಪ್ಪತ್ತೆರಡು ಗೈರು. ಇಪ್ಪತ್ತಮೂರು! ಪ್ರಮೋದಾ ಮೇಡಂ, ಬನ್ನಿ ನಿಮ್ದೇ. ಕಾಲು ಎದ್ದು ನಡೆಯುತ್ತಿದೆ, ನಾನು ಅದರ ಹಿಂದೆ ಹೋಗುತ್ತಿದ್ದೇನೆ.

ಆಯೋಗದ ಮೇಡಂ ಕನ್ನಡಕದ ಮೇಲಿಂದ ನೋಡುತ್ತಾರೆ, ಮೇಜಿನ ಮೇಲೆ ಗಾಜು ಹಾಸಿದೆ, ಗಾಜಿನಲ್ಲಿ ಫ್ಯಾನು ತಲೆಕೆಳಗಾಗಿ ತಿರುಗುತ್ತಿದೆ, ಅರ್ಜಿ ನೀವೇ ಬರೆದದ್ದಾ, ತುಂಬಾ ಚೆನ್ನಾಗಿದೆ, ಓದಿದ್ದೇನೆ, ಅನ್ನುತ್ತಾರೆ, ಪೂರ್ತಿ ಓದಿದ್ದಾರೆ, ಏಳನೇ ಪುಟಕ್ಕೂ ಪೆನ್ಸಿಲ್ ಗುರುತು ಹಾಕಿದ್ದಾರೆ, ನನಗೆ ಕುಣಿಯಬೇಕೆನ್ನಿಸುತ್ತದೆ, ಆದರೆ ಒಂದು ಮಾತು ಕೇಳಬೇಕಮ್ಮಾ, ನಾಲ್ಕನೇ ಕಾಲಂನಲ್ಲಿ ಮತ್ತು ಇತರರು ಅಂತಿದೆ, ಯಾರು ಈ ಇತರರು. ಟಕ್. ಸ್ಟೆನೋ ಕೈ ಎತ್ತಿ ಕಾಯುತ್ತಿದ್ದಾನೆ, ಹಿಂದಿನ ಸಾಲು ನನ್ನ ಬೆನ್ನಿನ ಮೇಲೆ ಬಿಸಿಲಿನ ಹಾಗೆ ಬೀಳುತ್ತಿದೆ, ನನ್ನ ದನಿ ನನಗೇ ದೂರದಿಂದ ಕೇಳಿಸುತ್ತದೆ, ನಮ್ಮಮ್ಮ ಮೇಡಂ, ದ್ಯಾವಮ್ಮ ಅಂತ. ನಮ್ ಸೋದರಮಾವ. ಮತ್ತೆ ನಾನು. ನೀವಾ, ಮೇಡಂ ಪೆನ್ಸಿಲ್ ಕೆಳಗಿಡುತ್ತಾರೆ, ಹೌದು ಮೇಡಂ ನಾನೇ, ಎನ್ನುತ್ತಾ ಬ್ಯಾಗಿನಿಂದ ಪಿನ್ನಿನ ಡಬ್ಬಿ ತೆಗೆದು ಗಾಜಿನ ಮೇಲೆ ಸುರಿಯುತ್ತೇನೆ, ಮಾತ್ರೆಯ ಹಾಳೆ, ಡಾಕ್ಟರ ಚೀಟಿ, ನಾಲ್ಕು ಸ್ಟೇಪ್ಲರ್ ಪಿನ್ನೂ ಜೊತೆಗೆ, ನಂಗೆ ವಾಸಿಯಾಗಿಲ್ಲ ಮೇಡಂ, ಯಾವತ್ತೂ ಆಗಿರ್ಲಿಲ್ಲ, ಹದಿನಾಲ್ಕು ವರ್ಷದಿಂದ ಮಾತ್ರೆ ತಗೋತಾ ಇದೀನಿ, ನಾನು ಬಚ್ಚಿಟ್ಟೆ, ನನ್ನನ್ನ ತೋರಿಸಿ ಇನ್ನೂ ಹತ್ತು ಮಕ್ಕಳ ಕೂದಲಿಗೆ ಮೊಳೆ ಹೊಡೆದ್ರು, ನಾಡಿದ್ದು ನಮ್ ತಂಗಿ ಮಗಳಿಗೆ, ಒಂಬತ್ತು ವರ್ಷ ಮೇಡಂ, ಅವಳ ಹೆಸರು ಮಾನ್ವಿತಾ, ಅವಳು ತನ್ ಹೆಸರು ಹೇಳಿದ್ರೆ ಹೊಡೀತಾರೆ. ಹೇಳಿಬಿಟ್ಟೆ! ಇಷ್ಟೇ ಇತ್ತು, ಅಯ್ಯೋ ಇಷ್ಟೇ, ಮುಂದಲೆಗೆ ಏನೂ ಆಗಲಿಲ್ಲ, ಸ್ಟೆನೋ ಬರೆದುಕೊಳ್ಳುತ್ತಿದ್ದಾನೆ, ಕಾಗದಕ್ಕೆ ಇಳಿಯುತ್ತಿದೆ, ಮನೆಯಲ್ಲಿ ಹೇಳಿದ್ದರೆ ಗೋಡೆಯೊಳಗೇ ಸಾಯುತ್ತಿದ್ದ ಮಾತು ಕಾಗದಕ್ಕೆ ಇಳಿಯುತ್ತಿದೆ. ಸೋದರಮಾವನ ಹೆಸರು ಹೇಳಿ, ಎಂದು ಸ್ಟೆನೋ ಕೇಳುತ್ತಾನೆ, ಬಾಯಿ ತೆರೆಯುತ್ತೇನೆ.

ಚಿಕ್ಕವೆಂಕಟಪ್ಪ, ಬರ್ಕೊಳಪ್ಪಾ — ನನ್ನ ದನಿಯಲ್ಲ ಅದು. ಬರಿಗಾಲಿನ ಸದ್ದು, ಯಾರೋ ಕೂತ್ಕೊಳ್ಳಿ ಯಜಮಾನ್ರೇ ಅನ್ನುತ್ತಾರೆ, ಬೈರೇಶ್ ತಡೆಯಲು ಕೈ ಚಾಚಿ ಹಾಗೇ ಇಳಿಸುತ್ತಾನೆ, ಮಾವ ನನ್ನ ಪಕ್ಕ ಬಂದು ನಿಂತಿದ್ದಾನೆ, ಅದೇ ಹುಳು ಬೆಂದ ವಾಸನೆ, ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಹೋಗಿಲ್ಲ, ಮಾತ್ರೆಯ ಹಾಳೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸುತ್ತಾನೆ, ಖಾಲಿಯಾದ ಗುಳಿಗಳನ್ನು ಆ ಸುಲಿದ ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಾನೆ, ಹದ್ನಾಲ್ಕ್ ವರ್ಷವಾ ಮಗಾ, ಹೂಂ ಮಾವ, ನಂಗೂ ಹೇಳ್ಲಿಲ್ವಲ್ಲೇ, ಹೂಂ ಮಾವ. ನಿನಗೆ ವಾಸಿಯಾಗಿದೆ ಎಂದು ಹೇಳಲೆಂದೇ ಬಂದಿದ್ದ, ಅವನ ಮುಖದಲ್ಲೇ ಬರೆದಿದೆ, ಆ ಮಾತನ್ನು ಈಗ ಎಲ್ಲಿಡಬೇಕೋ ತಿಳಿಯದೆ ಹಾಳೆಯನ್ನು ಮೆಲ್ಲಗೆ ಗಾಜಿನ ಮೇಲೆ ಇಡುತ್ತಾನೆ, ಆಮೇಲೆ ಕೈ ಜೇಬಿಗೆ ಹೋಗುತ್ತದೆ, ಪೇಪರಿನಲ್ಲಿ ಸುತ್ತಿದ್ದನ್ನು ಬಿಚ್ಚುತ್ತಾನೆ, ನಿಧಾನ, ಎಷ್ಟು ನಿಧಾನ, ಮೇಡಂ ಕಡೆ ತಿರುಗುತ್ತಾನೆ, ತಾಯೀ, ಆವತ್ತಿನ್ ಮೊಳೆ ನಾನೇ ಹೊಡೆದಿದ್ದು, ನಾಡಿದ್ದು ಹೊಡೆಯೋದೂ ನಾನೇ ಕೊಡ್ಬೇಕು, ನಾನ್ ಕೊಡ್ದೆ ಆಗಕ್ಕಿಲ್ಲ, ಇದ್ನ ನೀವೇ ಮಡೀಕೊಳ್ಳಿ. ಟಕ್. ಫ್ಯಾನಲ್ಲ, ಗಾಜು. ನನ್ನ ಮಾತ್ರೆಗಳ ಪಕ್ಕದಲ್ಲಿ, ಗಾಜಿನೊಳಗೆ ತಿರುಗುತ್ತಿರುವ ಫ್ಯಾನಿನ ಮೇಲೆ, ಮರದಲ್ಲಲ್ಲ, ಮೇಜಿನ ಮೇಲೆ, ಮೊಳೆ — ನಾಲ್ಕು ಬೆರಳುದ್ದ, ಚೌಕ ತಲೆ, ಬೆಂಕಿಯ ನೀಲಿ ಇನ್ನೂ ಆರಿಲ್ಲ, ಒಂದು ಸಲ ಹೊರಳಿತು, ನಿಂತಿತು, ಮೊಳೆ, ಅದರ ಕೊರಳಲ್ಲಿ ಕೂದಲಿಲ್ಲ.